ಕೂರಲೆಂದು ಮಾಡಿದ ಕುರ್ಚಿ

ಪ್ರೇಮಲೀಲಾಳ ಕೆಲಸವೇ ಜನರನ್ನು ಕೂರಿಸುವುದು. ಕುವೆಂಪುನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳು ಹದಿನಾರು ವರ್ಷದಿಂದ ರಿಸೆಪ್ಷನಿಸ್ಟ್. ದವಡೆ ಹಿಡಿದುಕೊಂಡು ಬಂದವರಿಗೆ, ಹಲ್ಲು ಕಟ್ಟಿಸಲು ಬಂದ ಮುದುಕರಿಗೆ, ಅಳುವ ಮಕ್ಕಳನ್ನು ದರದರ ಎಳೆದುಕೊಂಡು ಬಂದ ತಾಯಂದಿರಿಗೆ ಅವಳು ಹೇಳುವುದು ಒಂದೇ ಮಾತು: ಕೂತ್ಕೊಳ್ಳಿ, ಕರೀತೀನಿ. ಹೇಳಿದ ತಕ್ಷಣ ಅವರು ಕೂತೂ ಬಿಡುತ್ತಿದ್ದರು. ನಲವತ್ತೊಂಬತ್ತು ವರ್ಷದ ಆ ಹೆಂಗಸು ಸಂಜೆ ಆರೂವರೆಗೆ ರಾಮಕೃಷ್ಣನಗರದ ಮನೆಗೆ ಬಂದು ಬೀಗ ತೆಗೆದರೆ, ಅದೇ ಮಾತನ್ನು ಹೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅದಕ್ಕೆ ಮುಂಚೆ ಮೂವತ್ತು ವರ್ಷ ತಾಯಿಯ ಜೊತೆ ನಂಜುಮಳಿಗೆಯ ಹಳೆಯ ಬಾಡಿಗೆ ಮನೆಯಲ್ಲಿದ್ದಳು. ತಾಯಿ ಹೋದರು. ಹೋದ ಎರಡೇ ತಿಂಗಳಿಗೆ ಮನೆಯ ಯಜಮಾನರು ಜಾಗ ಮಾರಿದರು, ಕೊಂಡವರು ಕೆಡವುತ್ತೇವೆ ಅಂದರು. ಮಂಡಕಳ್ಳಿಯಲ್ಲಿ ಮನೆ ಕಟ್ಟಿಕೊಂಡಿದ್ದ ತಮ್ಮ ಅಮರೇಶ್, ನಮ್ಮ ಮನೆಯಲ್ಲೇ ಇದ್ದುಬಿಡು ಎಂದು ಕರೆದ. ಕರೆದದ್ದು ಮನಸ್ಸಿನಿಂದಲೇ. ಆದರೆ ಅವನ ಹೆಂಡತಿ ಆ ಮಾತನ್ನು ಒಂದು ಸಲವೂ ಬಾಯಿ ಬಿಟ್ಟು ಆಡಲಿಲ್ಲವಾದ್ದರಿಂದ, ಅಲ್ಲಿಂದ ಕ್ಲಿನಿಕ್ಕಿಗೆ ಬಸ್ಸು ಸರಿಹೋಗುವುದಿಲ್ಲ ಎಂದು ಹೇಳಿ ಪ್ರೇಮಲೀಲಾ ನುಣುಚಿಕೊಂಡಳು. ರಾಮಕೃಷ್ಣನಗರದಲ್ಲಿ ಸಿಕ್ಕಿದ್ದು ಮಹಡಿಯ ಮೇಲಿನ ಸಣ್ಣ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ. ತಾಯಿಯ ಕಾಲದ ಉದ್ದನೆಯ ಬೆಂಚು ಆ ಮೆಟ್ಟಿಲಲ್ಲಿ ತಿರುಗಲಾರದೆ ಹೋಗಿ, ಅದನ್ನು ಹಳೆಯ ಮನೆಯ ಪಕ್ಕದವರಿಗೇ ಕೊಟ್ಟು ಬಂದಿದ್ದಾಯಿತು. ಹಾಲಿನಲ್ಲಿ ಉಳಿದದ್ದು ಕಾಲು ಸೀಳುಬಿಟ್ಟ ಒಂದು ಪ್ಲಾಸ್ಟಿಕ್ ಕುರ್ಚಿ.

ಯಾರೂ ಬರುತ್ತಿರಲಿಲ್ಲ ಎಂದರೆ ತಪ್ಪಾದೀತು. ಕೆಳಗಿನ ಮನೆಯ ಯಜಮಾನಿ ಸರ್ವಮಂಗಳಮ್ಮ ಹಬ್ಬ ಹರಿದಿನಗಳಲ್ಲಿ ಬಟ್ಟಲು ಹಿಡಿದು ಮೇಲೆ ಬರುತ್ತಿದ್ದರು. ಕ್ಲಿನಿಕ್ಕಿನ ನರ್ಸ್ ರಂಜನಿ ಒಂದು ಸಲ ಕೊಡೆ ವಾಪಸ್ಸು ಕೊಡಲು ಬಂದಿದ್ದಳು. ಒಳಗೆ ಬನ್ನಿ, ಕೂತ್ಕೊಳ್ಳಿ ಅಂದರೆ ಅವರೆಲ್ಲ ಒಮ್ಮೆ ಆ ಪ್ಲಾಸ್ಟಿಕ್ ಕುರ್ಚಿಯ ಕಡೆ ನೋಡುವರು, ಒಲೆಯ ಮೇಲೆ ಹಾಲಿಟ್ಟು ಬಂದೆ ಎಂದೋ, ಹೊತ್ತಾಯಿತು ಎಂದೋ ಹೇಳಿ ಹೊಸ್ತಿಲಲ್ಲೇ ತಿರುಗುವರು. ಎರಡು ನಿಮಿಷ, ಬಹಳವಾದರೆ ಮೂರು. ಪ್ರೇಮಲೀಲಾ ಹೀಗೆ ಗಡಿಯಾರ ನೋಡುವುದನ್ನು ಕಲಿತದ್ದೂ ಆ ಮನೆಗೆ ಬಂದ ಮೇಲೆಯೇ.

ಒಂಟಿಯಾಗಿರುವವರು ತಮ್ಮ ಒಂಟಿತನಕ್ಕೆ ಒಂದು ಕಾರಣ ಹುಡುಕಿಕೊಳ್ಳದೆ ಬಿಡುವುದಿಲ್ಲ. ಆ ಕಾರಣ ಸಣ್ಣದಾಗಿರಲಿ, ಒಂದು ಭಾನುವಾರದಲ್ಲಿ ಸರಿಮಾಡುವಂಥದ್ದಾಗಿರಲಿ ಎಂಬ ಆಸೆಯೂ ಇರುತ್ತದೆ. ನಮ್ಮ ಪ್ರೇಮಲೀಲಾ ತುಂಬ ಯೋಚನೆ ಮಾಡಿ ಕಂಡುಹಿಡಿದದ್ದು ಇಷ್ಟು: ಜನ ನಿಲ್ಲದಿರುವುದು ಕೂರಲು ಒಳ್ಳೆಯ ಕುರ್ಚಿ ಇಲ್ಲದ್ದಕ್ಕೆ. ಕುರ್ಚಿಯೇ ಇಲ್ಲದ ಮನೆಗಳಲ್ಲಿ ಜನ ಚಾಪೆಯ ಮೇಲೆ ಗಂಟೆಗಟ್ಟಲೆ ಹರಟುವುದನ್ನು ಅವಳು ನೋಡಿಲ್ಲವೇ? ನೋಡಿದ್ದಳು. ಅದನ್ನು ನೆನೆಯಲು ಹೋಗಲಿಲ್ಲ, ಅಷ್ಟೆ.

ಆಗಲೇ ಅವಳ ಫೋನಿಗೆ ಆ ವೀಡಿಯೊ ಬಂದದ್ದು. ಒಬ್ಬಳು ಹುಡುಗಿ ಹಳೆಯ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು, ನಾಲ್ಕು ಸ್ಕ್ರೂ ಬಿಚ್ಚಿ ಕೂರುವ ಹಲಗೆಯನ್ನು ಹೊರಗೆ ತೆಗೆದು, ಹೊಸ ಬಟ್ಟೆ ಎಳೆದು ಪಿನ್ನು ಹೊಡೆದು, ಹದಿನೈದು ನಿಮಿಷದಲ್ಲಿ ಅರಮನೆಯ ಸಾಮಾನಿನ ಹಾಗೆ ಮಾಡಿ ನಿಲ್ಲಿಸಿದಳು. ಸೂಜಿ ದಾರ ಬೇಡ, ಹೊಲಿಗೆ ಮಿಷನ್ ಬೇಡ, ಯಾರು ಬೇಕಾದರೂ ಮಾಡಬಹುದು ಅಂದಳು. ಬಟ್ಟೆಯ ತುಕ್ಕಿನಂಥ ಬಣ್ಣಕ್ಕೆ ರಸ್ಟ್ ಎಂದು ಹೆಸರು ಹೇಳಿ, ಈ ವರ್ಷ ಎಲ್ಲರ ಮನೆಯಲ್ಲೂ ಇದೇ ಬಣ್ಣ ಅಂದಳು. ಕೊನೆಯಲ್ಲಿ ಅವಳ ಸ್ನೇಹಿತೆಯೊಬ್ಬಳು ಬಂದು ಆ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತು ನಕ್ಕಳು. ಪ್ರೇಮಲೀಲಾ ಆ ವೀಡಿಯೊವನ್ನು ಹನ್ನೊಂದು ಸಲ ನೋಡಿದಳು. ಪಿನ್ನು ಹೊಡೆಯುವುದನ್ನು ಕಲಿಯಲು ಐದು ಸಲ ಸಾಕಾಗಿತ್ತು. ಉಳಿದದ್ದು ಆ ಸ್ನೇಹಿತೆಗಾಗಿ.

ಲಷ್ಕರ್ ಮೊಹಲ್ಲಾದ ಒಂದು ಹಳೆಯ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯ ಚಾಮಯ್ಯ ಹತ್ತು ಹನ್ನೆರಡು ಕುರ್ಚಿ ತೋರಿಸಿದ. ಅವಳ ಪರೀಕ್ಷೆ ಒಂದೇ: ಹಿಡಿದು ಅಲ್ಲಾಡಿಸುವುದು. ಎಲ್ಲವೂ ಅಲ್ಲಾಡಿದವು. ಮೂಲೆಯಲ್ಲಿ ಹರಿದ ರೆಕ್ಸಿನ್ ಹೊದ್ದುಕೊಂಡಿದ್ದ ಒಂದು ಮಾತ್ರ ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ಎತ್ತರದ ಬೆನ್ನು, ಅಗಲವಾದ ಕೈಗಳು, ನೆತ್ತಿಯ ಮೇಲೆ ಕಳಶದಂಥ ಒಂದು ಕೆತ್ತನೆ. ಈ ಕಾಲದ ಮರವಲ್ಲ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಚಾಮಯ್ಯ ಹೇಳಿದ. ಮೊಮ್ಮಕ್ಕಳ ವಿಷಯ ಬಿಟ್ಟು ಉಳಿದದ್ದನ್ನು ಪ್ರೇಮಲೀಲಾ ಒಪ್ಪಿಕೊಂಡಳು. ಅಲ್ಲಿಂದ ಸಂತೆಪೇಟೆಯ ಕಟ್‌ಪೀಸ್ ಅಂಗಡಿಗೆ ಹೋಗಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಫೋನಿನ ಚಿತ್ರವನ್ನೂ ಬಟ್ಟೆಯ ಥಾನುಗಳನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿ, ದಪ್ಪನೆಯ ಪರದೆ ಬಟ್ಟೆಯೊಂದನ್ನು ಆರಿಸಿದಳು. ಕುರ್ಚಿ ಗೋಣಿತಾಟು ಸುತ್ತಿಕೊಂಡು ಲಗೇಜ್ ಆಟೋದಲ್ಲಿ ಬಂತು. ಹಗಲು ಮನೆಯಲ್ಲಿದ್ದ ಸರ್ವಮಂಗಳಮ್ಮ ಕಿಟಕಿಯಿಂದ ನೋಡಿದರು.

ಹದಿನೈದು ನಿಮಿಷದ ಕೆಲಸ ಎರಡು ಭಾನುವಾರ ಹಿಡಿಯಿತು. ಮೊದಲನೆಯ ಭಾನುವಾರ ಪೂರ್ತಿ ಹಳೆಯ ರೆಕ್ಸಿನ್ ಕೀಳುವುದಕ್ಕೇ ಹೋಯಿತು. ಒಂದೊಂದು ಮೊಳೆಯೂ ತುಕ್ಕು ಹಿಡಿದು ಮರದೊಳಗೆ ಬೇರು ಬಿಟ್ಟಿತ್ತು. ಸ್ಕ್ರೂಡ್ರೈವರಿನಿಂದ ಮೀಟಿ, ಇಕ್ಕಳದಿಂದ ಎಳೆದು, ಹೆಬ್ಬೆರಳಲ್ಲಿ ಬೊಬ್ಬೆ ಬಂತು. ನಿನ್ನ ಹದಿನೈದು ನಿಮಿಷಕ್ಕಿಷ್ಟು ಬೆಂಕಿ ಹಾಕ ಎಂದು ಅವಳು ಫೋನಿನಲ್ಲಿದ್ದ ಹುಡುಗಿಯನ್ನು ಬೈದಳು. ಆ ದಿನ ಆ ಮನೆಯಲ್ಲಿ ಆಡಿದ ಮಾತು ಅದೊಂದೇ. ಒಳಗಿದ್ದ ತೆಂಗಿನ ನಾರು ಪುಡಿಪುಡಿಯಾಗಿ ಉದುರಿತು. ಗುಡಿಸಿ ಹಾಕಿ, ಮರಕ್ಕೆ ಸ್ಯಾಂಡ್ ಪೇಪರ್ ಉಜ್ಜಿ, ಎಣ್ಣೆ ಸವರಿದಳು.

ಎರಡನೆಯ ಭಾನುವಾರ ಬಟ್ಟೆಯನ್ನು ನೆಲದ ಮೇಲೆ ಬೋರಲು ಹಾಸಿ, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಹಲಗೆ ಇಟ್ಟಳು. ಮೊದಲು ನಾಲ್ಕು ಕಡೆಯೂ ನಡುಮಧ್ಯೆ ಒಂದೊಂದು ಪಿನ್ನು, ಆಮೇಲೆ ಅಲ್ಲಿಂದ ಮೂಲೆಯ ಕಡೆಗೆ. ಒಂದು ಸಲ ಬಟ್ಟೆ ಓರೆಯಾಯಿತು, ಎಲ್ಲ ಕಿತ್ತು ಮತ್ತೆ ಹೊಡೆದಳು. ಮೂಲೆಗಳನ್ನು ಸೀರೆಯ ನೆರಿಗೆ ಹಿಡಿಯುವ ಹಾಗೆ ಹಿಡಿದು ಮಡಚಿದಳು. ಬೆನ್ನಿಗೂ ಹಾಗೆಯೇ ಮಾಡಿದಳು. ಪ್ರತಿ ಪಿನ್ನಿಗೂ ಕಲಿತ ಕೈಯ ಗತ್ತು ಒಂದಿಷ್ಟು ಹೆಚ್ಚಾಗುತ್ತ ಬಂತು. ಸಂಜೆ ಕುರ್ಚಿ ಎದ್ದು ನಿಂತಾಗ ಅವಳಿಗೆ ಹೆಮ್ಮೆಯಾಯಿತು. ತೋರಿಸೋಣವೆಂದರೆ ಯಾರೂ ಇಲ್ಲವಲ್ಲ ಎಂಬ ಸಂಕಟವೂ ಅದರ ಬೆನ್ನಿಗೇ ಬಂತು. ತಾನು ಅದರಲ್ಲಿ ಕೂರಲಿಲ್ಲ. ಮೊದಲು ಕೂರುವವರು ಬಂದವರಾಗಿರಲಿ ಎಂದುಕೊಂಡಳು.

ಇಲ್ಲೇ ನೋಡಿ ಎಡವಟ್ಟಾದದ್ದು. ವಿಭೂತಿ ಹಚ್ಚುವ ಮನೆಯಲ್ಲಿ ಹುಟ್ಟಿ, ಮಠದ ಸ್ವಾಮಿಗಳಾದ ಬುದ್ಧಿಯವರು ಪಾದಪೂಜೆಗೆ ಬಂದಾಗ ಎತ್ತರದ ಕುರ್ಚಿಗೆ ಕಾವಿ ಬಟ್ಟೆ ಹಾಸುವುದನ್ನು ಚಿಕ್ಕಂದಿನಿಂದ ಕಂಡಿದ್ದವಳು ಅವಳು. ಟ್ಯೂಬ್‌ಲೈಟಿನ ಕೆಳಗೆ ರಸ್ಟ್ ಆಗಿದ್ದದ್ದು ಮನೆಯ ಬೆಳಕಿನಲ್ಲಿ ಅಪ್ಪಟ ಕಾವಿಯಾಗಿ ಹೊಳೆಯುತ್ತಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಅವಳೇ ದೂರದಿಂದ ಕೈ ಮುಗಿಯುತ್ತಿದ್ದಳು. ಆದರೆ ಹನ್ನೊಂದು ಸಲ ಕೇಳಿದ ಹೆಸರು ಕಿವಿಯಲ್ಲಿತ್ತು, ಬೆರಳಿನ ಬೊಬ್ಬೆ ಇನ್ನೂ ಉರಿಯುತ್ತಿತ್ತು. ಸ್ವಂತ ಕೈಯಿಂದ ಮಾಡಿದ್ದನ್ನು ಬೇರೆಯವರ ಕಣ್ಣಿನಿಂದ ನೋಡಲು ಅವಳಿಂದ ಆಗಲಿಲ್ಲ.

ಶ್ರಾವಣದ ಮೊದಲನೆಯ ಸೋಮವಾರ ಸರ್ವಮಂಗಳಮ್ಮ ಪಾಯಸದ ಬಟ್ಟಲು ಹಿಡಿದು ಬಂದರು. ಅರವತ್ತು ದಾಟಿದ, ಮಂಡಿನೋವಿನ, ಮಾತು ಬಲ್ಲ ಹೆಂಗಸು. ಕೂತ್ಕೊಳ್ಳಿ ಅಕ್ಕ ಎಂದು ಪ್ರೇಮಲೀಲಾ ಇಡೀ ವಾರ ಕಾದಿದ್ದ ಮಾತನ್ನು ಹೇಳಿದಳು. ಸರ್ವಮಂಗಳಮ್ಮ ಎಂದಿನಂತೆ ಕುರ್ಚಿಯ ಕಡೆ ನೋಡಿದರು, ನೋಡಿದವರು ಹಾಗೇ ನಿಂತರು. ಬಟ್ಟಲನ್ನು ಕೆಳಗಿಟ್ಟು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಕುರ್ಚಿಯ ಕೈಯನ್ನು ಮುಟ್ಟಿ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು.

"ಬುದ್ಧಿಯೋರ ಕುರ್ಚಿ ಮೇಲೆ ನಾನ್ ಕೂರೋದುಂಟಾ ಕಣಮ್ಮ," ಅಂದರು. "ನಿಮ್ಮನೇಲಿ ಇಂಥದ್ದಿದೆ ಅಂತ ಒಂದ್ ಮಾತೂ ಹೇಳ್ಲಿಲ್ಲವಲ್ಲ ನೀವು."

ಪ್ರೇಮಲೀಲಾ ಆಗಲೇ ನಿಜ ಹೇಳಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಅಷ್ಟರಲ್ಲಿ ಸರ್ವಮಂಗಳಮ್ಮ ಮಂಡಿ ಹಿಡಿದುಕೊಂಡು, ಉಸ್ಸಪ್ಪಾ ಎಂದು ನೆಲದ ಮೇಲೆ ಕೂತುಬಿಟ್ಟರು. ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಕೂತ ಮೊದಲನೆಯ ಮನುಷ್ಯರು. ಹಳೇ ಕುರ್ಚಿ ಅಕ್ಕ ಎಂದಷ್ಟೇ ಅಂದಳು ಪ್ರೇಮಲೀಲಾ. ಅದು ಸುಳ್ಳಲ್ಲ. ಉಳಿದ ಕಥೆಯನ್ನೆಲ್ಲ ಸರ್ವಮಂಗಳಮ್ಮನೇ ಕಟ್ಟಿಕೊಂಡರು: ತಾಯಿಯ ಕಾಲದಲ್ಲಿ ನಂಜುಮಳಿಗೆಯ ಮನೆಗೆ ಬುದ್ಧಿಯವರು ಬಂದಿರಬೇಕು, ಕುರ್ಚಿಯನ್ನು ಆವತ್ತಿನಿಂದ ಎತ್ತಿಟ್ಟಿರಬೇಕು. ಮೊನ್ನೆ ಲಗೇಜ್ ಆಟೋದಲ್ಲಿ ಬಂದದ್ದು ಇದೇ ಅಲ್ಲವೇ, ರಿಪೇರಿಗೆ ಕೊಟ್ಟಿದ್ದಿರಾ ಎಂದು ಕೇಳಿದರು. ಪ್ರೇಮಲೀಲಾ ತಲೆ ಆಡಿಸಿದಳು. ಅವಳ ಪಾಲಿನ ಸುಳ್ಳೆಂದರೆ ಆ ತಲೆ ಆಡಿಸಿದ್ದು ಒಂದೇ.

ಸರ್ವಮಂಗಳಮ್ಮ ಒಂದು ಗಂಟೆ ಹತ್ತು ನಿಮಿಷ ಕೂತರು. ಮಂಡಿಗೆ ಹಚ್ಚುವ ಎಣ್ಣೆಯ ವಿಚಾರ, ಅಳಿಯನ ಸಿಡುಕು, ಎದುರು ಮನೆಯವರು ರಸ್ತೆಗೆ ನೀರು ಬಿಡುವ ವಿಚಾರ ಎಲ್ಲ ಬಂತು. ಯಜಮಾನರಾದ ಶಿವಮಲ್ಲಪ್ಪನವರಿಗೆ ಮುಂದಿನ ವಾರ ಕಣ್ಣಿನ ಪೊರೆಯ ಆಪರೇಷನ್ ಎಂದು ಹೇಳುವಾಗ ಅವರ ದನಿ ಸಣ್ಣದಾಯಿತು. ಪ್ರೇಮಲೀಲಾ ಎರಡು ಸಲ ಕಾಫಿ ಮಾಡಿದಳು. ಅವರು ಹೋದ ಮೇಲೆ ಲೋಟ ತೊಳೆಯುವಾಗ, ಎರಡು ಲೋಟ ಇದೆಯಲ್ಲ ಎಂದು ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಶಿವಮಲ್ಲಪ್ಪನವರ ಆಪರೇಷನ್ ಚೆನ್ನಾಗಿಯೇ ಆಯಿತು. ಸರ್ವಮಂಗಳಮ್ಮ ಆವತ್ತು ಹೋಗುವಾಗ ಕುರ್ಚಿಯ ಮುಂದೆ ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡಿದ್ದರಂತೆ. ಮುಂದಿನ ಸೋಮವಾರ ಹೂವಿನ ಹಾರ ತಂದು ಕುರ್ಚಿಗೆ ಹಾಕಿದರು. ಅದರ ಮುಂದಿನ ಸೋಮವಾರ ಇನ್ನಿಬ್ಬರು ಬಂದರು. ಭಾದ್ರಪದ ಕಳೆಯುವ ಹೊತ್ತಿಗೆ ಏಳು ಜನ. ಹಿಂದಿನ ಬೀದಿಯ ಸೊಸೆ ಲಾಸ್ಯ ಎಂಬುವಳನ್ನೂ ಅವಳ ಅತ್ತೆ ಕರೆತರುತ್ತಿದ್ದರು. ಸಂಜೆ ಏಳಕ್ಕೆ ದೀಪ, ಭಜನೆ, ಮಂಗಳಾರತಿ. ಪ್ರೇಮಲೀಲಾ ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿ ಸೋಮವಾರ ಐದಕ್ಕೇ ಬರುವ ಏರ್ಪಾಡು ಮಾಡಿಕೊಂಡಳು. ಒಂದು ಜಮಖಾನ ಕೊಂಡಳು, ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಅಲ್ಲಿಗೆ ಅವಳ ಮನೆ ತುಂಬಿತು ಎನ್ನಬೇಕು. ಆದರೆ ದೀಪ ಹಚ್ಚಿದ ಕುರ್ಚಿಯ ಎದುರಿಗೆ ಊರ ಮಾತು ಆಡಬಾರದೆಂದು ಸರ್ವಮಂಗಳಮ್ಮ ಎರಡನೆಯ ವಾರವೇ ಕಟ್ಟುನಿಟ್ಟು ಮಾಡಿಬಿಟ್ಟಿದ್ದರು. ಗುರುಗಳ ಮುಂದೆ ಅಳಿಯನ ಸಿಡುಕು, ಮಂಡಿಯ ಎಣ್ಣೆ ಯಾರಾದರೂ ತೆಗೆಯುತ್ತಾರೆಯೇ? ಬಂದವರು ಕುರ್ಚಿಗೆ ಕೈ ಮುಗಿಯುವರು, ಕುರ್ಚಿಯ ಕಡೆ ಮುಖ ಮಾಡಿ ಕೂರುವರು, ಹಾಡುವರು, ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಡುವರು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿದ ಪ್ರೇಮಲೀಲಾಳಿಗೆ ಕಾಣುತ್ತಿದ್ದದ್ದು ಏಳು ಬೆನ್ನುಗಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ, ಹಾರ ಬಾಡಿದೆ, ಬದಲಾಯಿಸಬಾರದೇ ಎಂದು ಕೇಳುತ್ತಿದ್ದರು.

ಉಳಿದ ಆರು ದಿನವೂ ಕುರ್ಚಿ ಅವಳ ಮೇಲೆ ದಬ್ಬಾಳಿಕೆ ಮಾಡಿತು. ಹಾಲಿನಲ್ಲಿ ಟೀವಿ ಹಾಕುವಂತಿಲ್ಲ. ಕುರ್ಚಿಯ ಕಡೆ ಕಾಲು ಚಾಚುವಂತಿಲ್ಲ. ಒಂದು ದಿನ ಒಗೆದ ಬಟ್ಟೆಯನ್ನು ಅದರ ಕೈಯ ಮೇಲೆ ಹಾಕಿದ್ದನ್ನು ಸರ್ವಮಂಗಳಮ್ಮ ನೋಡಿ ಮುಖ ಸಿಂಡರಿಸಿದರು. ಪ್ರೇಮಲೀಲಾ ಟೀವಿಯನ್ನು ರೂಮಿಗೆ ಸಾಗಿಸಿ, ಮಂಚದ ಮೇಲೆ ಕೂತು ಊಟ ಮಾಡಲು ಶುರು ಮಾಡಿದಳು. ಬಾಡಿಗೆ ಅವಳದು, ಹಾಲು ಕುರ್ಚಿಯದು ಎಂಬಂತಾಯಿತು. ಆದರೂ ಸೋಮವಾರಕ್ಕೆ ಅವಳು ಕಾಯುತ್ತಿದ್ದಳು. ಏಳು ಜೊತೆ ಚಪ್ಪಲಿ ಬಾಗಿಲಲ್ಲಿರುವುದೇ ಅವಳಿಗೆ ದೊಡ್ಡದಾಗಿತ್ತು, ಅದನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಕಾರ್ತೀಕದ ಎರಡನೆಯ ಸೋಮವಾರ ಅವಳಿಗೆ ಜ್ವರ ಬಂತು. ಬೆಳಗ್ಗೆ ಎದ್ದರೆ ಕಾಲು ನಿಲ್ಲದು, ಹಲ್ಲು ಕಟಕಟ ಅನ್ನುತ್ತಿತ್ತು. ಕ್ಲಿನಿಕ್ಕಿಗೆ ರಜಾ ಹೇಳಿದಳು. ಮಧ್ಯಾಹ್ನ ಸರ್ವಮಂಗಳಮ್ಮನಿಗೆ ಫೋನ್ ಮಾಡಿ, ಜ್ವರ ಬಂದಿದೆ ಅಕ್ಕ, ಮಲಗಿದ್ದೀನಿ ಎಂದು ತಿಳಿಸಿದಳು. ತಿಳಿಸುವಾಗ ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಈಗ ಮೇಲೆ ಬರುತ್ತಾರೆ, ಹಣೆ ಮುಟ್ಟಿ ನೋಡುತ್ತಾರೆ, ಒಂದು ಲೋಟ ಗಂಜಿ ತರುತ್ತಾರೆ ಎಂದುಕೊಂಡಿದ್ದಳು. ಸರ್ವಮಂಗಳಮ್ಮ ಅತ್ತ ಕಡೆಯಿಂದ ಅಯ್ಯೋ ಪಾಪ ಅಂದರು. ಬಾಗಿಲ ಚಿಲಕ ತೆಗೆದಿಟ್ಟು ಒಳಗೆ ಮಲಗಿಕೊಳ್ಳಿ, ಪೂಜೆ ನಾವೇ ಮಾಡಿಕೊಂಡು ಹೋಗುತ್ತೇವೆ, ಕಾರ್ತೀಕ ಸೋಮವಾರ ತಪ್ಪಿಸಬಾರದು ಅಂದರು.

ಏಳಕ್ಕೆ ಅವರೆಲ್ಲ ಬಂದರು. ರೂಮಿನ ಪರದೆಯ ಆಚೆ ದೀಪದ ಬೆಳಕು ಕಂಡಿತು, ಎಣ್ಣೆಯ ವಾಸನೆ ಬಂತು. ಪ್ರೇಮಲೀಲಾ ರಗ್ಗು ಹೊದ್ದು, ಪರದೆಯ ಮೇಲೇ ಕಣ್ಣಿಟ್ಟು ಮಲಗಿದ್ದಳು. ಒಂದು ಹಾಡು ಮುಗಿಯಿತು, ಈಗ ಯಾರಾದರೂ ಬರಬಹುದು. ಎರಡು ಮುಗಿಯಿತು. ತಾಳ ಹಾಕುವವರು ಇವತ್ತು ತಪ್ಪು ಹಾಕುತ್ತಿದ್ದಾರೆ ಎಂಬುದೂ ಅವಳಿಗೆ ತಿಳಿಯಿತು. ಮಂಗಳಾರತಿಯ ಗಂಟೆ ಆಯಿತು. ಪರದೆ ಒಂದು ಸಲ ಅಲುಗಿತು. ಅವಳು ತಲೆ ಎತ್ತಿದಳು. ಹಾಲಿನ ಫ್ಯಾನಿನ ಗಾಳಿ, ಅಷ್ಟೆ. ಆಮೇಲೆ ಪಾತ್ರೆಗಳ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಎಂಟಕ್ಕೆ ಹತ್ತು ನಿಮಿಷವಿರುವಾಗ ಮನೆ ಖಾಲಿಯಾಯಿತು.

ಅವಳು ಎದ್ದು ಗೋಡೆ ಹಿಡಿದುಕೊಂಡು ಹಾಲಿಗೆ ಬಂದಳು. ಜಮಖಾನ ಮಡಿಸಿಟ್ಟಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಪ್ರಸಾದ ಮುಚ್ಚಿಟ್ಟಿದ್ದರು. ಯಾರನ್ನೂ ಬೈಯುವಂತಿರಲಿಲ್ಲ, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಹೋಗಿದ್ದರು. ಕುರ್ಚಿಯ ಕೊರಳಲ್ಲಿ ಸೇವಂತಿಗೆಯ ಹೊಸ ಹಾರ ಇತ್ತು. ಪ್ರೇಮಲೀಲಾಳಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಸ್ಪಂಜು ಹಾಕಿ ಪಿನ್ನು ಹೊಡೆದ ಒಂದು ಕುರ್ಚಿಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟಕ್ಕೆ ಬಂತಲ್ಲ ತನ್ನ ಬಾಳು ಎಂದು ನಗುವೂ ಬಂತು. ಹಾರ ತೆಗೆದು ಪಕ್ಕಕ್ಕಿಟ್ಟು, ರಗ್ಗು ಸುತ್ತಿಕೊಂಡು ಕೂತುಬಿಟ್ಟಳು.

ಎಷ್ಟು ಹಾಯಾಗಿತ್ತು! ಬೆನ್ನಿಗೆ ಎಲ್ಲಿ ಬೇಕೋ ಅಲ್ಲಿ ಆಸರೆ, ಕೈಗೆ ಸರಿಯಾದ ಎತ್ತರ. ಮೂರು ತಿಂಗಳು ಇದನ್ನು ಯಾರಿಗೂ ಕೊಡದೆ, ತಾನೂ ಅನುಭವಿಸದೆ ಇಟ್ಟೆನಲ್ಲ ಎಂದುಕೊಳ್ಳುವಷ್ಟರಲ್ಲಿ ಕಣ್ಣೀರು ತಾನಾಗಿ ಇಳಿಯಿತು. ಆಗಲೇ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ಕೇಳಿತು. ಸರ್ವಮಂಗಳಮ್ಮನ ನಿಧಾನದ ಹೆಜ್ಜೆ. ತನ್ನನ್ನು ನೋಡಲು ಬಂದರು ಎಂದು ಅವಳು ಕಣ್ಣೊರೆಸಿಕೊಂಡಳು. ಸರ್ವಮಂಗಳಮ್ಮ ಮರೆತಿದ್ದ ಗಂಟೆಯನ್ನು ಒಯ್ಯಲು ಬಂದಿದ್ದರು. ಬಾಗಿಲು ತಳ್ಳಿದವರು ಅಲ್ಲೇ ನಿಂತರು.

"ಏಳು," ಅಂದರು. ಅದುವರೆಗೂ ನೀವು ಎನ್ನುತ್ತಿದ್ದವರ ಬಾಯಲ್ಲಿ ಮೊದಲನೆಯ ಸಲ ಏಕವಚನ ಬಂತು. "ಮೊದ್ಲು ಏಳಮ್ಮ ಅಲ್ಲಿಂದ."

ಪ್ರೇಮಲೀಲಾ ಏಳಲಿಲ್ಲ. "ಇದ್ರ ಮೇಲೆ ಯಾವ ಬುದ್ಧಿಯೋರೂ ಕೂತಿಲ್ಲ ಅಕ್ಕ," ಅಂದಳು. "ಲಷ್ಕರ್ ಮೊಹಲ್ಲಾದಲ್ಲಿ ಹಳೇ ಸಾಮಾನಿನ ಅಂಗ್ಡೀಲಿ ತಂದಿದ್ದು. ಬಟ್ಟೆ ಸಂತೆಪೇಟೆ ಕಟ್‌ಪೀಸು, ನಾನೇ ಹಾಕಿದ್ದು. ನೀವೆಲ್ಲ ಬಂದ್ರೆ ಕೂರ್ಲಿ ಅಂತ ಮಾಡ್ದೆ. ಅವತ್ತು ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಸರ್ವಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಿಟ್ಟು ಬಂದಿತ್ತು, ಅದಕ್ಕಿಂತ ಮಿಗಿಲಾಗಿ ಹೆದರಿಕೆಯಾಗಿತ್ತು. ಯಜಮಾನರು ಈಗ ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ ಎಂದು, ಏನೂ ಸಂಬಂಧವಿಲ್ಲದ ಮಾತೊಂದನ್ನು ಆಡುವವರ ಹಾಗೆ ಹೇಳಿದರು. ಗೊತ್ತು ಅಕ್ಕ ಅಂದಳು ಪ್ರೇಮಲೀಲಾ. ಆಮೇಲೆ ರಗ್ಗು ಹಿಡಿದುಕೊಂಡು ಮೆಲ್ಲಗೆ ಎದ್ದು, ಒಂದೇ ಒಂದು ನಿಮಿಷ ನೀವು ಇದರಲ್ಲಿ ಕೂತುಕೊಳ್ಳಿ ಎಂದು ಕೇಳಿಕೊಂಡಳು. ಅಷ್ಟು ದೈನ್ಯದಿಂದ ಅವಳು ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ಸರ್ವಮಂಗಳಮ್ಮ ಹತ್ತಿರ ಬಂದರು. ಕುರ್ಚಿಯ ಕೈ ಹಿಡಿದು, ಮಂಡಿ ಬಗ್ಗಿಸಿ, ಕೂರಲೆಂದು ಅರ್ಧ ಇಳಿದರು. ಅಲ್ಲಿಂದ ಕೆಳಗೆ ಇಳಿಯಲು ಅವರಿಂದಾಗಲಿಲ್ಲ. ನೆಟ್ಟಗೆ ನಿಂತು, ಅದೇ ಕೈಯ ಬೆರಳನ್ನು ಕಣ್ಣಿಗೊತ್ತಿಕೊಂಡರು.

"ಆಗಲ್ಲ ಕಣಮ್ಮ," ಅಂದರು. "ನಾವ್ ಕೈ ಮುಗಿದಿದ್ದು ನಿನ್ ಕಟ್‌ಪೀಸಿಗಲ್ಲ. ಈ ವಿಷ್ಯ ಇನ್ಯಾರ್ ಹತ್ರಾನೂ ಆಡ್ಬೇಡ. ಕುರ್ಚಿ ಕೆಳಗಡೆ ನಮ್ಮನೇಲಿರ್ಲಿ. ಇಲ್ಲಿದ್ರೆ ನೀನ್ ಮತ್ತೆ ಕೂತ್ಬುಡ್ತೀಯ." ಗಂಟೆ ತೆಗೆದುಕೊಂಡು ಹೊರಟವರು ಮೆಟ್ಟಿಲಲ್ಲಿ ನಿಂತು, ಸೋಮವಾರ ನೀನೂ ಬಾ ಎಂದು ಹೇಳಿ ಇಳಿದು ಹೋದರು.

ಮರುದಿನ ಬೆಳಗ್ಗೆ ಶಿವಮಲ್ಲಪ್ಪನವರು ಬೀದಿಯ ಇಸ್ತ್ರಿಯವನನ್ನು ಕರೆದುಕೊಂಡು ಬಂದು ಕುರ್ಚಿ ಎತ್ತಿಸಿದರು. ಮೆಟ್ಟಿಲ ತಿರುವಿನಲ್ಲಿ ಅದನ್ನು ಓರೆ ಮಾಡಬೇಕಾಯಿತು. ಅಡಿಭಾಗ ಮೇಲಕ್ಕೆ ಬಂದಾಗ ಅವರು ತಮ್ಮ ಹೊಸ ಕಣ್ಣಿನಿಂದ ಬಗ್ಗಿ ನೋಡಿದರು. ಸಾಲಾಗಿ, ಅಳತೆ ಹಿಡಿದ ಹಾಗೆ ಹೊಡೆದ ಪಿನ್ನುಗಳನ್ನು ಕಂಡು ಮೆಚ್ಚಿಕೊಂಡರು. ಇಂಥ ಕೆಲಸ ಈಗ ಯಾ‌ರು ಮಾಡುತ್ತಾರೆ, ಯಾರ ಕೈಯಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಅವಳು ಬಟ್ಟೆ ಹಾಕಿದ ಮೇಲೆ ಆ ಕೆಲಸವನ್ನು ಕಂಡು ಹೊಗಳಿದವರು ಅವರೊಬ್ಬರೇ. ಪ್ರೇಮಲೀಲಾ ಅವರ ಹಿಂದೆ ನಿಂತಿದ್ದ ಸರ್ವಮಂಗಳಮ್ಮನ ಮುಖ ನೋಡಿದಳು. ಯಾರೋ ಗೊತ್ತಿರೋರು ಸಾರ್ ಎಂದಳು.

ವಾರವೆಲ್ಲ ಹಾಲು ಭಣಗುಟ್ಟಿತು. ಜ್ವರ ಮೂರು ದಿನಕ್ಕೆ ಬಿಟ್ಟಿತು. ಟೀವಿಯನ್ನು ಮತ್ತೆ ಹಾಲಿಗೆ ತರಬಹುದಿತ್ತು, ತರಲಿಲ್ಲ. ಸೋಮವಾರ ಅಭ್ಯಾಸಬಲದಿಂದ ಐದಕ್ಕೇ ಮನೆಗೆ ಬಂದಳು. ಉಪ್ಪಿಟ್ಟು ಮಾಡಬೇಕಾಗಿರಲಿಲ್ಲ, ಹಾರ ತರಬೇಕಾಗಿರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಏಳಕ್ಕೆ ಕೆಳಗಿನಿಂದ ಹಾಡು ಕೇಳಿಬಂತು. ಹೋಗಬಾರದು ಎಂದುಕೊಂಡಳು. ತಾನು ಹೊಡೆದ ಪಿನ್ನಿಗೆ ತಾನೇ ಕೈ ಮುಗಿಯುವಷ್ಟು ಮರ್ಯಾದೆಗೆಟ್ಟವಳೇ ತಾನು ಎಂದುಕೊಂಡಳು. ಮೊದಲನೆಯ ಹಾಡು ಮುಗಿಯುವವರೆಗೆ ಆ ಸಿಟ್ಟು ಅವಳನ್ನು ಹಿಡಿದು ಕೂರಿಸಿತ್ತು. ಎರಡನೆಯದು ಶುರುವಾದಾಗ ಎದ್ದು, ಮುಖ ತೊಳೆದು, ಮೆಟ್ಟಿಲಿಳಿದಳು.

ಬಾಗಿಲ ಹೊರಗೆ ಚಪ್ಪಲಿಗಳಿದ್ದವು. ಒಳಗೆ, ಸರ್ವಮಂಗಳಮ್ಮನ ಹಾಲಿನ ಉತ್ತರದ ಗೋಡೆಗೆ ಕುರ್ಚಿ, ಅದರ ಎರಡು ಪಕ್ಕ ಕಂಬದ ದೀಪ. ಹಾಡುತ್ತಿದ್ದವರು ಹಾಡುತ್ತಲೇ ತಿರುಗಿ ನೋಡಿದರು. ಸರ್ವಮಂಗಳಮ್ಮನೂ ನೋಡಿದರು, ಕಣ್ಣು ಕೀಳಲಿಲ್ಲ. ತಡವಾಗಿ ಬಂದವರು ಮೊದಲು ಕುರ್ಚಿಗೆ ಕೈ ಮುಗಿದು ಆಮೇಲೆ ಕೂರಬೇಕು, ಅದು ಅಲ್ಲಿಯ ಕ್ರಮ. ಎಲ್ಲರ ನಡುವಿನಿಂದ ದಾರಿ ಮಾಡಿಕೊಂಡು ಪ್ರೇಮಲೀಲಾ ಕುರ್ಚಿಯ ಮುಂದೆ ಬಂದಳು. ಅಲ್ಲಿ ಸ್ಪಂಜಿದೆ, ಹಲಗೆಯಿದೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ ಎಂದು ಆ ಊರಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಬಗ್ಗಿ, ಎರಡು ಕೈಯಿಂದಲೂ ಮುಟ್ಟಿ, ಕಣ್ಣಿಗೊತ್ತಿಕೊಂಡಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ತಿರುಗಿದಾಗ ಲಾಸ್ಯ ಸೆರಗು ಎಳೆದುಕೊಂಡು, ಮಂಡಿ ಒತ್ತಿಕೊಂಡು, ಪಕ್ಕದಲ್ಲಿ ಒಂದು ಗೇಣು ಜಾಗ ಮಾಡಿದ್ದಳು. ಪ್ರೇಮಲೀಲಾ ಅಲ್ಲಿ ಕೂತಳು. ಆ ಕಡೆಯವರ ತೋಳು, ಈ ಕಡೆಯವರ ತೋಳು ಅವಳ ತೋಳಿಗೆ ಒತ್ತಿ ಬೆಚ್ಚಗಾಯಿತು. ಇಷ್ಟಕ್ಕಾಗಿ ಏನು ಬೇಕಾದರೂ ಮುಟ್ಟಿ ಕಣ್ಣಿಗೊತ್ತಿಕೊಂಡೇನು ಎಂದು ತಿಳಿದು ಅವಳ ಕಣ್ಣು ತುಂಬಿ ಹರಿಯಿತು. ಲಾಸ್ಯಳ ಅತ್ತೆ ಅದನ್ನು ಭಕ್ತಿ ಎಂದುಕೊಂಡು, ತಮ್ಮ ಕೈಯಲ್ಲಿದ್ದ ತಾಳವನ್ನು ಅವಳಿಗೆ ಕೊಟ್ಟರು.